ಟಸ್ಕೀಗಿ: ಸವಕಲು ನೆಲದಲ್ಲಿ ಎದ್ದು ನಿಂತ ವಿಶ್ವವಿದ್ಯಾನಿಲಯ

ಕೃಷಿ ವಿಶ್ವವಿದ್ಯಾನಿಲಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ದೊಡ್ಡ ಕಟ್ಟಡ, ಬೇಲಿ ಹಾಕಿದ ಪ್ರಯೋಗ ತಾಕು, ತಳಿಯ ಹೆಸರು ಬರೆದ ಫಲಕ. ಬೇಲಿಯ ಒಳಗೆ ನಡೆಯುವ ಕೆಲಸವು ಬೇಲಿಯ ಹೊರಗಿನ ರೈತನನ್ನು ಮುಟ್ಟುವುದು ಹೇಗೆ? ಅದರಲ್ಲಿಯೂ ಓದು ಬಾರದ, ಸ್ವಂತ ನೆಲವಿಲ್ಲದ, ಸಾಲದಲ್ಲಿ ಮುಳುಗಿದ ರೈತನನ್ನು ಮುಟ್ಟುವುದು ಹೇಗೆ? ಈ ಪ್ರಶ್ನೆಯನ್ನು ನೂರು ವರ್ಷಗಳಿಗೂ ಹಿಂದೆಯೇ ಎದುರಿಸಿದ ಸಂಸ್ಥೆಗಳಲ್ಲಿ ಅಮೆರಿಕದ ಟಸ್ಕೀಗಿ ವಿಶ್ವವಿದ್ಯಾನಿಲಯ ಮುಖ್ಯವಾದುದು. ಇದು ಖಾಸಗಿ ಆಡಳಿತ ಮಂಡಲಿಯ ವಿಶ್ವವಿದ್ಯಾನಿಲಯ. ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಜನರು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡದ್ದು. ಇದರ ಹಳೆಯ ಆವರಣವನ್ನು 1974ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂದು ಘೋಷಿಸಲಾಯಿತು. ನಾನಾ ಕಡೆಯಿಂದ ಜನ ಇದನ್ನು ನೋಡಲು ಬರುತ್ತಾರೆ. ಅವರು ಅಲ್ಲಿ ಏನನ್ನು ಕಾಣುತ್ತಾರೆ, ಬೇಸಾಯಗಾರನೊಬ್ಬ ಅಲ್ಲಿ ಏನನ್ನು ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಹತ್ತಿಯ ಸೀಮೆ, ಸಾಲದ ಬೇಸಾಯ

ಟಸ್ಕೀಗಿ ಊರು ಇರುವುದು ದಕ್ಷಿಣ ಅಮೆರಿಕಾ ಖಂಡದಲ್ಲಲ್ಲ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ಅಲಬಾಮಾ ರಾಜ್ಯದಲ್ಲಿ. ರಾಜಧಾನಿ ಮಾಂಟ್‌ಗೊಮರಿಯಿಂದ ಪೂರ್ವಕ್ಕೆ ಸುಮಾರು 60 ಕಿಲೋಮೀಟರ್ ದೂರ. ಮೇಕನ್ ಎಂಬ ಜಿಲ್ಲೆಗೆ ಇದೇ ಮುಖ್ಯ ಊರು. ಸುತ್ತಮುತ್ತಲೆಲ್ಲ ಒಂದು ಕಾಲಕ್ಕೆ ಹತ್ತಿ, ಹತ್ತಿ, ಹತ್ತಿ.

1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಬಿಡುಗಡೆಯಾದವರ ಕೈಗೆ ನೆಲ ಬರಲಿಲ್ಲ. ಅವರು ಹಳೆಯ ಧಣಿಗಳ ನೆಲವನ್ನೇ ಪಾಲಿಗೆ ಮಾಡತೊಡಗಿದರು. ಬಿತ್ತನೆಯಿಂದ ಕೊಯ್ಲಿನವರೆಗೆ ಹಿಟ್ಟು, ಉಪ್ಪು, ಬಟ್ಟೆ, ಗೊಬ್ಬರ ಎಲ್ಲವೂ ಅಂಗಡಿಯಿಂದ ಸಾಲದ ಮೇಲೆ ಬರಬೇಕು. ಬರಲಿರುವ ಬೆಳೆಯೇ ಅದಕ್ಕೆ ಒತ್ತೆ. ಸಾಲ ಕೊಟ್ಟವನು ಹತ್ತಿಯನ್ನೇ ಬಿತ್ತಬೇಕು ಎನ್ನುತ್ತಿದ್ದ, ಏಕೆಂದರೆ ಹತ್ತಿಗೆ ರೊಕ್ಕ ಸಿಗುತ್ತದೆ. ಹಿತ್ತಲಿನವರೆಗೂ ಹತ್ತಿ ಬಂತು. ಮನೆಗೆ ಬೇಕಾದ ಕಾಳು, ತರಕಾರಿ ಹೋಯಿತು. ವರ್ಷದ ಕೊನೆಗೆ ಲೆಕ್ಕ ಮಾಡಿದರೆ ಬಾಕಿ ತೀರುತ್ತಿರಲಿಲ್ಲ. ಒಂದೇ ಬೆಳೆ ಬೆಳೆದು ಬೆಳೆದು ನೆಲ ಸೊರಗಿತು, ಮಳೆ ಬಂದಾಗ ಮೇಲ್ಮಣ್ಣು ಕೊಚ್ಚಿ ಹೋಗಿ ಕೊರಕಲು ಬಿತ್ತು. ನೆಲ ಸೊರಗಿದಂತೆ ಸಾಲ ಬೆಳೆಯಿತು. ಟಸ್ಕೀಗಿ ವಿದ್ಯಾಸಂಸ್ಥೆ ಹುಟ್ಟಿದ್ದು ಇಂಥ ಸೀಮೆಯ ನಡುವೆ.

ಕೋಳಿ ಗೂಡಿನಿಂದ ಆರಂಭ

ಶಾಲೆ ಬೇಕೆಂದು ಮುಂದೆ ನಿಂತವರಲ್ಲಿ ಲೂಯಿಸ್ ಆಡಮ್ಸ್ ಪ್ರಮುಖ. ಆತ ಹಿಂದೆ ಗುಲಾಮನಾಗಿದ್ದು ಆಮೇಲೆ ತಗಡಿನ ಕೆಲಸದಿಂದ ಬದುಕು ಕಟ್ಟಿಕೊಂಡವನು. ರಾಜ್ಯ ಸರ್ಕಾರವು ಶಿಕ್ಷಕರ ಸಂಬಳಕ್ಕೆಂದು ವರ್ಷಕ್ಕೆ 2,000 ಡಾಲರ್ ಮಂಜೂರು ಮಾಡಿತು. ನೆಲಕ್ಕೆ, ಕಟ್ಟಡಕ್ಕೆ ಒಂದು ಕಾಸೂ ಇಲ್ಲ. ಶಾಲೆ ನಡೆಸಲು ಬಂದವರು ಬೂಕರ್ ಟಿ. ವಾಷಿಂಗ್ಟನ್, ಹುಟ್ಟಿನಿಂದ ಗುಲಾಮ, ಆಗ ಸುಮಾರು 25ರ ತರುಣ. 1881ರ ಜುಲೈ 4ರಂದು ಚರ್ಚಿನ ಪಕ್ಕದ ಹಳೆಯ ಗುಡಿಸಲಿನಲ್ಲಿ 30 ವಿದ್ಯಾರ್ಥಿಗಳೊಂದಿಗೆ ಪಾಠ ಮೊದಲಾಯಿತು.

ಕೆಲವೇ ತಿಂಗಳಲ್ಲಿ ವಾಷಿಂಗ್ಟನ್ ಅವರು ಹತ್ತಿರದ ಪಾಳುಬಿದ್ದ ತೋಟವೊಂದನ್ನು ಕಂಡರು. ಸುಮಾರು 100 ಎಕರೆ, ಬೆಲೆ 500 ಡಾಲರ್. ಮುಂಗಡ ಹಣ 250 ಡಾಲರನ್ನು ತಾವು ಓದಿದ ಹ್ಯಾಂಪ್ಟನ್ ಶಾಲೆಯ ಖಜಾಂಚಿಯಿಂದ ಸಾಲ ತಂದರು. ಧಣಿಯ ದೊಡ್ಡ ಮನೆ ಸುಟ್ಟುಹೋಗಿತ್ತು. ಉಳಿದಿದ್ದುದು ಅಡುಗೆ ಮನೆ, ಕುದುರೆ ಲಾಯ, ಕೋಳಿ ಗೂಡು. ಅವುಗಳನ್ನು ಗುಡಿಸಿ ಸಾರಿಸಿ ತರಗತಿ ಮಾಡಿದರು.

ಮುಂದಿನ ಕಥೆ ಇಟ್ಟಿಗೆಯದು. ಆವರಣಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದೂ ಕೆಂಪು ಇಟ್ಟಿಗೆಯ ಕಟ್ಟಡಗಳೇ. ಕೊಳ್ಳಲು ಹಣವಿಲ್ಲದುದರಿಂದ ವಿದ್ಯಾರ್ಥಿಗಳೇ ಮಣ್ಣು ತುಳಿದು ಇಟ್ಟಿಗೆ ಕೊಯ್ದರು. ಮೂರು ಗೂಡುಗಳು ಸರಿಯಾಗಿ ಸುಡದೆ ಹಾಳಾದವು. ಕೈಯಲ್ಲಿ ಹಣ ಮುಗಿದಿತ್ತು. ವಾಷಿಂಗ್ಟನ್ ಅವರು ತಮ್ಮ ಗಡಿಯಾರವನ್ನು 15 ಡಾಲರಿಗೆ ಒತ್ತೆ ಇಟ್ಟು ನಾಲ್ಕನೆಯ ಗೂಡು ಹೂಡಿಸಿದರು. ಅದು ಗೆದ್ದಿತು. ಆಮೇಲೆ ಶಾಲೆಯ ಇಟ್ಟಿಗೆಯನ್ನು ಊರಿನ ಬಿಳಿಯರೂ ಕೊಳ್ಳತೊಡಗಿದರು. ಇಟ್ಟಿಗೆ ಬೇಕಾದವರು ಶಾಲೆಯೂ ಬೇಕು ಎಂದರು. ಮುಂದೆ ಕಟ್ಟಡಗಳ ನಕ್ಷೆ ಮಾಡಿದವರು ರಾಬರ್ಟ್ ಟೇಲರ್. ಪ್ರಸಿದ್ಧ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಿಂದ 1892ರಲ್ಲಿ ಪದವಿ ಪಡೆದ ಮೊದಲ ಕಪ್ಪು ವಿದ್ಯಾರ್ಥಿ. ವಾಷಿಂಗ್ಟನ್ ಅವರು ವಾಸವಾಗಿದ್ದ 'ದಿ ಓಕ್ಸ್' ಎಂಬ ಮನೆ ಈಗಲೂ ನಿಂತಿದೆ. ಅದು ಟೇಲರ್ ಅವರ ನಕ್ಷೆ, ವಿದ್ಯಾರ್ಥಿಗಳ ಇಟ್ಟಿಗೆ.

ಆವರಣದ ನಡುವೆ 1922ರಲ್ಲಿ ನಿಲ್ಲಿಸಿದ ವಾಷಿಂಗ್ಟನ್ ಅವರ ಕಂಚಿನ ಪ್ರತಿಮೆಯಿದೆ. ಅವರು ಕೆಳಗೆ ಕುಳಿತ ಒಬ್ಬ ಮನುಷ್ಯನ ಮೇಲಿನ ಮುಸುಕನ್ನು ಎತ್ತಿ ಸರಿಸುತ್ತಿದ್ದಾರೆ. ಆ ಮನುಷ್ಯನ ತೊಡೆಯ ಮೇಲೆ ತೆರೆದ ಪುಸ್ತಕ. ಅವನ ಬಳಿ ನೇಗಿಲು ಮತ್ತು ಕಮ್ಮಾರನ ಅಡಿಗಲ್ಲು. ಪುಸ್ತಕವೂ ಬೇಕು, ನೇಗಿಲೂ ಬೇಕು ಎಂಬುದು ಈ ಸಂಸ್ಥೆಯ ಮತ. ಕೈಕೆಲಸಕ್ಕೆ ಇಷ್ಟು ಒತ್ತು ಕೊಟ್ಟರೆ ಮತದಾನದ ಹಕ್ಕು, ಉನ್ನತ ವಿದ್ಯೆ ಹಿಂದೆ ಬೀಳುತ್ತವೆ ಎಂದು ಡು ಬಾಯ್ಸ್ ಮೊದಲಾದ ಕಪ್ಪು ವಿದ್ವಾಂಸರು ಅಂದೇ ವಾದಿಸಿದರು. ಆ ವಾದ ಇಂದಿಗೂ ಮುಗಿದಿಲ್ಲ.

ಹತ್ತು ಎಕರೆ ಬರಡಿನ ಮೇಲೆ ಪ್ರಯೋಗ

ಬೇಸಾಯಗಾರನು ಟಸ್ಕೀಗಿಯಲ್ಲಿ ಮುಖ್ಯವಾಗಿ ನೋಡಬೇಕಾದುದು ಕಾರ್ವರ್ ವಸ್ತುಸಂಗ್ರಹಾಲಯ. ಹಿಂದೆ ಬಟ್ಟೆ ಒಗೆಯುವ ಮನೆಯಾಗಿದ್ದ ಕಟ್ಟಡದಲ್ಲಿ ಅದನ್ನು ಏರ್ಪಡಿಸಲಾಗಿದೆ. ಜಾರ್ಜ್ ವಾಷಿಂಗ್ಟನ್ ಕಾರ್ವರ್ ಅವರಿಗೂ ಸಂಸ್ಥಾಪಕ ವಾಷಿಂಗ್ಟನ್ ಅವರಿಗೂ ಹೆಸರು ಮಾತ್ರ ಒಂದೇ, ನಂಟಿಲ್ಲ. ಕಾರ್ವರ್ ಕೂಡ ಗುಲಾಮರಾಗಿ ಹುಟ್ಟಿದವರು. ಅಯೋವಾ ರಾಜ್ಯದ ಕೃಷಿ ಕಾಲೇಜಿನಲ್ಲಿ ಸ್ನಾತಕೋತ್ತರ ಪದವಿ ಪಡೆದು 1896ರಲ್ಲಿ ಟಸ್ಕೀಗಿಗೆ ಬಂದರು. 1943ರಲ್ಲಿ ತೀರಿಕೊಳ್ಳುವವರೆಗೆ 47 ವರ್ಷ ಅಲ್ಲಿಯೇ ಉಳಿದರು. ಬಂದಾಗ ಪ್ರಯೋಗಶಾಲೆಯೇ ಇರಲಿಲ್ಲ. ಕಸದ ಗುಂಡಿಯಿಂದ ಸೀಸೆ, ಡಬ್ಬಿ, ಹಳೆಯ ದೀಪ ಆರಿಸಿ ತಂದು ಉಪಕರಣ ಮಾಡಿಕೊಂಡರು.

1897ರಲ್ಲಿ ರಾಜ್ಯದ ಶಾಸನ ಸಭೆಯು ಟಸ್ಕೀಗಿಯಲ್ಲಿ ಒಂದು ಕೃಷಿ ಪ್ರಯೋಗ ಕೇಂದ್ರಕ್ಕೆ ಒಪ್ಪಿಗೆ ಕೊಟ್ಟು, ವರ್ಷಕ್ಕೆ 1,500 ಡಾಲರ್ ಗೊತ್ತುಮಾಡಿತು. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಆಬರ್ನ್‌ನಲ್ಲಿ ರಾಜ್ಯದ ದೊಡ್ಡ ಕೃಷಿ ಕಾಲೇಜು ಇತ್ತು. ಆದರೆ ಆ ಕಾಲೇಜು ಕಪ್ಪು ವಿದ್ಯಾರ್ಥಿಯೊಬ್ಬನನ್ನು ಮೊದಲ ಬಾರಿಗೆ ಸೇರಿಸಿಕೊಂಡದ್ದು 1964ರಲ್ಲಿ. ಹೀಗಾಗಿ ಬಡ ಕಪ್ಪು ರೈತನಿಗೆ ಟಸ್ಕೀಗಿಯ ಪುಟ್ಟ ಕೇಂದ್ರವೇ ಗತಿ.

ಕಾರ್ವರ್ ಅವರಿಗೆ ದೊರೆತದ್ದು ಹತ್ತು ಎಕರೆ ಸವಕಲು ಮರಳು ಭೂಮಿ. ಹಣ ಕೊಟ್ಟು ಗೊಬ್ಬರ ತರಲಾರದ, ಒಂದೇ ಪ್ರಾಣಿ ಕಟ್ಟಿ ಉಳುವ ರೈತ ಏನು ಮಾಡಬಲ್ಲನೋ ಅದನ್ನೇ ಪ್ರಯೋಗದಲ್ಲಿ ಮಾಡಬೇಕೆಂದು ಅವರು ನಿಶ್ಚಯಿಸಿದರು. ಕೊರಕಲುಗಳಿಗೆ ಮರದ ರೆಂಬೆ, ಹತ್ತಿ ಕಡ್ಡಿ, ತರಗೆಲೆ ತುಂಬಿ ನೀರಿನ ಓಟ ತಡೆದರು. ಕಾಡಿನ ತರಗೆಲೆ ಮತ್ತು ಜೌಗಿನ ಕಪ್ಪು ಕೆಸರನ್ನು ಹೊಲಕ್ಕೆ ಹೇರಿಸಿದರು. ನಮ್ಮಲ್ಲಿ ಕೆರೆಗೋಡು ಹೊಡೆಯುವ ಪದ್ಧತಿ ಬಲ್ಲವರಿಗೆ ಇದು ಹೊಸದಲ್ಲ. ಆಳವಾಗಿ ಉತ್ತರು. ಹತ್ತಿಯ ಜಾಗಕ್ಕೆ ಸರದಿಯಲ್ಲಿ ಅಲಸಂದೆ, ಸಿಹಿಗೆಣಸು, ಕಡಲೆಕಾಯಿ ತಂದರು.

ಅಲಸಂದೆ ಮತ್ತು ಕಡಲೆಕಾಯಿ ಗಿಡವನ್ನು ಕಿತ್ತು ನೋಡಿದರೆ ಬೇರಿನಲ್ಲಿ ಸಣ್ಣ ಗಂಟುಗಳು ಕಾಣುತ್ತವೆ. ಅವುಗಳಲ್ಲಿರುವ ಅಣುಜೀವಿಗಳು ಗಾಳಿಯಲ್ಲಿನ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ. ಬೇರು, ಎಲೆ, ಬಳ್ಳಿಯನ್ನು ಮಣ್ಣಿಗೆ ಸೇರಿಸಿದರೆ ಮುಂದಿನ ಬೆಳೆಗೂ ಅದರ ಪಾಲು ಸಿಗುತ್ತದೆ. ಗಿಡವನ್ನು ಬುಡಸಮೇತ ಕಿತ್ತು ಹೊರಗೆ ಸಾಗಿಸಿಬಿಟ್ಟರೆ ಈ ಲಾಭ ಬಹುಮಟ್ಟಿಗೆ ತಪ್ಪುತ್ತದೆ. ದುಡ್ಡಿಲ್ಲದ ರೈತನಿಗೆ ಇದೇ ಅಗ್ಗದ ಗೊಬ್ಬರ ಎಂದು ಕಾರ್ವರ್ ಸಾರಿದರು. 1905ರಲ್ಲಿ ಅವರು ಪ್ರಕಟಿಸಿದ ಆರನೆಯ ಕಿರುಹೊತ್ತಿಗೆಯ ವಿಷಯವೇ ಸವಕಲು ಭೂಮಿಯನ್ನು ಕಸುವುಗೊಳಿಸುವ ಬಗೆ.

ಇಂಥ 44 ಕಿರುಹೊತ್ತಿಗೆಗಳನ್ನು ಅವರು ಬರೆದರು. ಅವುಗಳ ಕ್ರಮ ಗಮನಿಸತಕ್ಕದ್ದು. ರೈತನಿಗೆ ಸಾಗುವಳಿಯ ಮಾತು, ಶಾಲಾ ಮಾಸ್ತರಿಗೆ ವಿಜ್ಞಾನದ ಮಾತು, ಮನೆಯಾಕೆಗೆ ಅಡುಗೆಯ ಮಾತು: ಮೂವರಿಗೂ ಒಂದೇ ಹೊತ್ತಿಗೆ. 1916ರ ಕಡಲೆಕಾಯಿಯ ಹೊತ್ತಿಗೆಯಲ್ಲಿ ಬೆಳೆಯುವ ಕ್ರಮದ ಜತೆಗೆ 105 ಬಗೆಯ ತಿನಿಸುಗಳ ವಿಧಾನ ಇದ್ದಿತು. ಬೆಳೆದ ಕಾಳು ಮೊದಲು ಮನೆಯವರ ಹೊಟ್ಟೆಗೆ ಸೇರಬೇಕು, ಮಿಕ್ಕಿದ್ದು ಪೇಟೆಗೆ ಹೋಗಲಿ ಎಂಬುದು ಇದರ ಹಿಂದಿನ ವಿಚಾರ.

ಕಡಲೆಕಾಯಿ: ಕಥೆ ಎಷ್ಟು, ನಿಜ ಎಷ್ಟು?

ಕಾರ್ವರ್ ಅವರ ಸುತ್ತ ಬಹಳ ಕಥೆಗಳು ಬೆಳೆದಿವೆ. ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದವರು ಅವರೇ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ, ಅದು ಅವರಿಗಿಂತ ಮೊದಲೇ ಬಳಕೆಗೆ ಬಂದಿತ್ತು. ಕಡಲೆಕಾಯಿಯಿಂದ ಅವರು ಹಾಲು, ಬಣ್ಣ, ಸಾಬೂನು ಮುಂತಾಗಿ ನೂರಾರು ಪದಾರ್ಥಗಳನ್ನು ಮಾಡಿ ತೋರಿಸಿದರು ನಿಜ. ಅವುಗಳಲ್ಲಿ ಹೆಚ್ಚಿನವು ಕಾರ್ಖಾನೆಯವರೆಗೆ ಹೋಗಲಿಲ್ಲ. 1921ರಲ್ಲಿ ಕಡಲೆಕಾಯಿ ಆಮದು ಸುಂಕದ ಬಗ್ಗೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಮಾತನಾಡಲು ಅವರಿಗೆ ಹತ್ತು ನಿಮಿಷ ಕೊಟ್ಟರು. ಸದಸ್ಯರು ಕೇಳುತ್ತ ಕೇಳುತ್ತ ವೇಳೆಯ ಮಿತಿಯನ್ನೇ ಸಡಿಲಿಸಿದರು. ಅಲ್ಲಿಂದ ಅವರ ಹೆಸರು ದೇಶಕ್ಕೆಲ್ಲ ಹಬ್ಬಿತು.

ಅಲಬಾಮಾದ ರೈತರು ಕಡಲೆಕಾಯಿಗೆ ತಿರುಗಿದ್ದು ಒಬ್ಬರ ಮಾತಿನಿಂದಲೇ ಅಲ್ಲ. ಮೆಕ್ಸಿಕೋ ಕಡೆಯಿಂದ ಬಂದ ಬೋಲ್ ವೀವಿಲ್ ಎಂಬ ಮೂತಿಹುಳು 1910ರ ಸುಮಾರಿಗೆ ಅಲಬಾಮಾ ಹೊಕ್ಕು ಹತ್ತಿಯ ಮೊಗ್ಗು, ಕಾಯಿಗಳನ್ನು ತಿಂದು ಹಾಕಿತು. ಇದು ನಮ್ಮ ಹತ್ತಿಯ ಕಾಯಿಕೊರಕವಲ್ಲ, ಬೇರೆ ಕೀಟ. ಹತ್ತಿ ಕೈಕೊಟ್ಟಾಗ ರೈತರು ಕಡಲೆಕಾಯಿ ಹಿಡಿದರು, ಗೆದ್ದರು. ಅದೇ ರಾಜ್ಯದ ಎಂಟರ್‌ಪ್ರೈಸ್ ಎಂಬ ಊರಿನವರು 1919ರಲ್ಲಿ ಆ ಹುಳಕ್ಕೇ ಒಂದು ಸ್ಮಾರಕ ನಿಲ್ಲಿಸಿದರು! ಕಾರ್ವರ್ ಅವರ ನಿಜವಾದ ಕೊಡುಗೆ ಎಂದರೆ, ಹುಳು ಬರುವ ಮೊದಲೇ ಬದಲಿ ಬೆಳೆಯ ದಾರಿಯನ್ನು ಬಡವನ ಭಾಷೆಯಲ್ಲಿ ಬರೆದಿಟ್ಟಿದ್ದು.

ರೈತನ ಬಾಗಿಲಿಗೆ ಗಾಡಿ

1892ರ ಫೆಬ್ರವರಿಯಲ್ಲಿ ವಾಷಿಂಗ್ಟನ್ ಅವರು ಸುತ್ತಲಿನ ಸುಮಾರು 75 ರೈತರನ್ನು ಮಾತುಕತೆಗೆ ಕರೆದರು. ಬಂದವರು ಸುಮಾರು 400 ಜನ, ಹೆಂಗಸರೂ ಸೇರಿ. ಅಲ್ಲಿ ದೊಡ್ಡ ಭಾಷಣಗಳಿರಲಿಲ್ಲ. ಎಷ್ಟು ಮಂದಿಗೆ ಸ್ವಂತ ನೆಲವಿದೆ, ಎಷ್ಟು ಮಂದಿ ಬೆಳೆ ಒತ್ತೆ ಇಟ್ಟಿದ್ದಾರೆ, ಮಕ್ಕಳ ಶಾಲೆ ಎಷ್ಟು ತಿಂಗಳು ನಡೆಯುತ್ತದೆ ಎಂದು ರೈತರನ್ನೇ ಕೇಳಲಾಯಿತು. ಉಣ್ಣುವುದನ್ನು ತಾವೇ ಬೆಳೆಯಬೇಕು, ಒತ್ತೆಯಿಂದ ಬಿಡಿಸಿಕೊಳ್ಳಬೇಕು, ಸ್ವಲ್ಪವಾದರೂ ನೆಲ ಕೊಳ್ಳಬೇಕು ಎಂಬ ತೀರ್ಮಾನ ಅವರ ಬಾಯಿಂದಲೇ ಬಂತು. ಅಂದು ಮೊದಲಾದ ಆ ರೈತ ಸಮಾವೇಶದ ಪರಂಪರೆ ನೂರಮೂವತ್ತು ವರ್ಷ ಕಳೆದರೂ ನಿಂತಿಲ್ಲ. 1904ರಿಂದ ಕೊಯ್ಲು ಮುಗಿದ ಚಳಿಗಾಲದ ಬಿಡುವಿನಲ್ಲಿ ರೈತರಿಗೆ ಕಿರು ತರಬೇತಿಗಳೂ ಆರಂಭವಾದವು.

ಆದರೂ ಅತಿ ಬಡವನು ಸಭೆಗೆ ಬರುತ್ತಿರಲಿಲ್ಲ. ಅವನು ಬಾರದಿದ್ದರೆ ಶಾಲೆಯೇ ಅವನ ಬಳಿಗೆ ಹೋಗಲಿ ಎಂದು 1906ರ ಮೇ ತಿಂಗಳಲ್ಲಿ ಒಂದು ಕುದುರೆ ಗಾಡಿಯನ್ನು ಹೊರಡಿಸಿದರು. ನ್ಯೂಯಾರ್ಕಿನ ಮಾರಿಸ್ ಜೆಸಪ್ ಎಂಬ ದಾನಿ ಹಣ ಕೊಟ್ಟುದರಿಂದ ಅದಕ್ಕೆ 'ಜೆಸಪ್ ಗಾಡಿ' ಎಂದು ಹೆಸರು. ಅದರಲ್ಲಿ ಹೊಸ ಬಗೆಯ ನೇಗಿಲು, ಬಿತ್ತುವ ಸಾಧನ, ಕಳೆ ತೆಗೆಯುವ ಕುಂಟೆ, ಬೆಣ್ಣೆ ಕಡೆಯುವ ಯಂತ್ರ, ಬೀಜ ಮತ್ತು ಗೊಬ್ಬರದ ಮಾದರಿಗಳು. ಗಾಡಿ ಒಬ್ಬ ರೈತನ ಹೊಲದ ಬದುವಿನಲ್ಲಿ ನಿಲ್ಲುವುದು, ನೆರೆಹೊರೆಯವರು ಕೂಡುವರು, ಅವನ ಹೊಲದಲ್ಲಿಯೇ ಉತ್ತು ತೋರಿಸುವುದು. ಮೊದಲ ಬೇಸಿಗೆಯಲ್ಲಿ ತಿಂಗಳಿಗೆ ಸುಮಾರು 2,000 ಜನರನ್ನು ಅದು ಮುಟ್ಟಿತು. ಅದೇ ವರ್ಷ ನವೆಂಬರಿನಲ್ಲಿ ಟಸ್ಕೀಗಿಯ ವಿದ್ಯಾರ್ಥಿ ಥಾಮಸ್ ಕ್ಯಾಂಪ್‌ಬೆಲ್ ಅವರನ್ನು ಅಮೆರಿಕದ ಕೃಷಿ ಇಲಾಖೆಯು ಕ್ಷೇತ್ರ ಪ್ರತಿನಿಧಿಯಾಗಿ ನೇಮಿಸಿತು. ವಿಸ್ತರಣಾ ಕೆಲಸಕ್ಕೆ ನೇಮಕವಾದ ಮೊದಲ ಕಪ್ಪು ಅಧಿಕಾರಿ ಅವರು. ದೇಶಕ್ಕೆಲ್ಲ ಕೃಷಿ ವಿಸ್ತರಣೆಯ ಕಾನೂನು ಬಂದದ್ದು 1914ರಲ್ಲಿ, ಎಂದರೆ ಗಾಡಿ ಹೊರಟ ಎಂಟು ವರ್ಷಗಳ ನಂತರ. ಮುಂದೆ ಗಾಡಿಯ ಬದಲು ಮೋಟಾರು ಲಾರಿ ಬಂತು. 1923ರ ಹೊಸ ಲಾರಿಗೆ ರೈತರೇ ವಂತಿಗೆ ಎತ್ತಿಕೊಟ್ಟರು. ಕೃಷಿ ತಜ್ಞನ ಜತೆಗೆ ಗೃಹವಿಜ್ಞಾನದ ಶಿಕ್ಷಕಿ, ದಾದಿ ಕೂಡ ಅದರಲ್ಲಿ ಹಳ್ಳಿಗೆ ಹೋಗುತ್ತಿದ್ದರು.

ನಂಬಿಕೆಗೆ ಬಿದ್ದ ಪೆಟ್ಟು

ಟಸ್ಕೀಗಿಯ ಹೆಸರಿಗೆ ಒಂದು ಕಹಿ ನೆನಪೂ ಅಂಟಿದೆ. ಅದನ್ನು ಬಿಟ್ಟು ಆವರಣದ ಕಥೆ ಹೇಳಿದರೆ ಅರ್ಧವನ್ನಷ್ಟೇ ಹೇಳಿದಂತೆ.

1932ರಲ್ಲಿ ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸೇವೆಯು ಮೇಕನ್ ಜಿಲ್ಲೆಯ ಸುಮಾರು 600 ಕಪ್ಪು ಗಂಡಸರನ್ನು ಒಂದು ಅಧ್ಯಯನಕ್ಕೆ ಸೇರಿಸಿಕೊಂಡಿತು. ಅವರಲ್ಲಿ ಹೆಚ್ಚಿನವರು ಬಡ ಪಾಲುದಾರ ರೈತರು. 399 ಮಂದಿಗೆ ಸಿಫಿಲಿಸ್ ರೋಗವಿತ್ತು. ರೋಗದ ಹೆಸರನ್ನು ಅವರಿಗೆ ಹೇಳಲಿಲ್ಲ; ಕೆಟ್ಟ ರಕ್ತಕ್ಕೆ ಚಿಕಿತ್ಸೆ ಎಂದಷ್ಟೇ ಹೇಳಿದರು. ಊಟ, ಸತ್ತರೆ ಮಣ್ಣು ಮಾಡುವ ಖರ್ಚು ಕೊಡುವುದಾಗಿ ಹೇಳಿದರು. ನಿಜವಾಗಿ ನಡೆದದ್ದು ಚಿಕಿತ್ಸೆಯಿಲ್ಲದೆ ರೋಗ ಹೇಗೆ ಬೆಳೆಯುತ್ತದೆ ಎಂಬ ಪರಿಶೀಲನೆ. 1940ರ ದಶಕದಲ್ಲಿ ಪೆನಿಸಿಲಿನ್ ಬಂದು ರೋಗ ವಾಸಿಯಾಗುವಂತಾದ ಮೇಲೂ ಅದನ್ನು ಅವರಿಗೆ ಕೊಡಲಿಲ್ಲ. 1972ರಲ್ಲಿ ಪತ್ರಿಕೆಗಳು ಬಯಲಿಗೆಳೆಯುವವರೆಗೆ, 40 ವರ್ಷ ಇದು ನಡೆಯಿತು. ಪರೀಕ್ಷೆಗಳಿಗೆ ಟಸ್ಕೀಗಿ ಆವರಣದ ಆಸ್ಪತ್ರೆಯೂ ಬಳಕೆಯಾಯಿತು. 1997ರಲ್ಲಿ ಅಧ್ಯಕ್ಷ ಕ್ಲಿಂಟನ್ ದೇಶದ ಪರವಾಗಿ ಕ್ಷಮೆ ಕೇಳಿದರು. ಆ ಬಳಿಕ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆಯ ನೀತಿಯನ್ನು ಅಭ್ಯಸಿಸುವ ರಾಷ್ಟ್ರೀಯ ಕೇಂದ್ರ ಸ್ಥಾಪನೆಯಾಯಿತು.

ಆ ರೈತರು ಏಕೆ ನಂಬಿದರು ಎಂಬುದನ್ನು ಯೋಚಿಸಬೇಕು. ಗಾಡಿ ತಂದು ನೇಗಿಲು ತೋರಿಸಿದ ಸಂಸ್ಥೆಯ ಹೆಸರು ಅದರ ಜತೆಗಿತ್ತು. ಅರ್ಧ ಶತಮಾನದಲ್ಲಿ ಗಳಿಸಿದ ನಂಬಿಕೆಯನ್ನು ಬೇರೆಯವರು ಬಂದು ಖರ್ಚು ಮಾಡಿದರು. ರೈತನ ಹೊಲದಲ್ಲಾಗಲಿ, ಅವನ ಮೈಮೇಲಾಗಲಿ ಪ್ರಯೋಗ ಮಾಡುವವರು ಏನು, ಏಕೆ, ನಷ್ಟವಾದರೆ ಯಾರ ಹೊಣೆ ಎಂಬುದನ್ನು ಅವನಿಗೆ ತಿಳಿಯುವ ಮಾತಿನಲ್ಲಿ ಮೊದಲೇ ಹೇಳಬೇಕು. ಕೇಳುವುದು ರೈತನ ಹಕ್ಕು. ಹೇಳುವುದು ವಿಜ್ಞಾನಿಯ ಕರ್ತವ್ಯ.

ಇಪ್ಪತ್ತೈದು ಎಕರೆಯ ಲೆಕ್ಕ

ಶಾಲೆ 1985ರಲ್ಲಿ ವಿಶ್ವವಿದ್ಯಾನಿಲಯ ಎಂಬ ಹೆಸರು ಪಡೆಯಿತು. 1945ರಲ್ಲಿ ಆರಂಭವಾದ ಇಲ್ಲಿನ ಪಶುವೈದ್ಯ ಕಾಲೇಜು ಅಮೆರಿಕದ ಕಪ್ಪು ಪಶುವೈದ್ಯರಲ್ಲಿ ಹೆಚ್ಚಿನವರನ್ನು ತಯಾರು ಮಾಡಿದೆ. ಸಿಹಿಗೆಣಸಿನ ಕೆಲಸ ಎಷ್ಟು ಮುಂದುವರಿಯಿತೆಂದರೆ, ಗಗನಯಾತ್ರಿಗಳ ಆಹಾರಕ್ಕಾಗಿ ಮಣ್ಣಿಲ್ಲದೆ ಪೋಷಕ ದ್ರವದಲ್ಲಿ ಗೆಣಸು ಬೆಳೆಯುವ ಸಂಶೋಧನೆಯೂ ಇಲ್ಲಿ ನಡೆಯಿತು.

ಸಣ್ಣ ರೈತರು ಇಲ್ಲಿನ ಇನ್ನೊಬ್ಬ ಪ್ರಾಧ್ಯಾಪಕರ ಹೆಸರನ್ನು ನೆನಪಿಡಬೇಕು: ಬೂಕರ್ ಟಿ. ವಾಟ್ಲಿ, ತೋಟಗಾರಿಕಾ ತಜ್ಞರು. 25 ಎಕರೆಯಲ್ಲಿ ಲಕ್ಷ ಡಾಲರ್ ಗಳಿಸುವ ಬಗೆಯನ್ನು ಕುರಿತು 1987ರಲ್ಲಿ ಅವರ ಪುಸ್ತಕ ಹೊರಬಂತು. ಅವರ ಸಲಹೆಗಳು ಸರಳ. ಒಂದೆರಡು ಬೆಳೆಯ ಬದಲು ಹತ್ತು ಬಗೆ ಬೆಳೆಯಬೇಕು. ಅವು ಒಂದಾದ ಮೇಲೊಂದು ಕೊಯ್ಲಿಗೆ ಬರುವಂತೆ ಹೊಂದಿಸಿ ವರ್ಷಪೂರ್ತಿ ಕೈಗೆ ಹಣ, ಆಳಿಗೆ ಕೆಲಸ ಇರುವಂತೆ ನೋಡಿಕೊಳ್ಳಬೇಕು. ಜಮೀನು ಒಳ್ಳೆಯ ರಸ್ತೆಯ ಬದಿಯಲ್ಲಿ, ಪಟ್ಟಣಕ್ಕೆ ಹತ್ತಿರ ಇರಬೇಕು. ಪಟ್ಟಣದ ಮನೆಗಳನ್ನು ಮುಂಗಡ ಶುಲ್ಕದ ಮೇಲೆ ಸದಸ್ಯರನ್ನಾಗಿ ಮಾಡಿಕೊಂಡು, ಅವರೇ ಬಂದು ಹಣ್ಣು ತರಕಾರಿ ಕೊಯ್ದುಕೊಂಡು ಹೋಗುವಂತೆ ಮಾಡಬೇಕು. ಇದರಿಂದ ಸಾಗಣೆ ಇಲ್ಲ, ದಲ್ಲಾಳಿ ಇಲ್ಲ, ಬಂಡವಾಳಕ್ಕೆ ಬಡ್ಡಿ ಇಲ್ಲ. ಅವರ ಅಂಕಿಗಳು ಅಮೆರಿಕಕ್ಕೆ ಸೇರಿದವು. ಬೆಳೆಯನ್ನು ಸರದಿಯಲ್ಲಿ ಹೊಂದಿಸುವ ಯುಕ್ತಿ ಮಾತ್ರ ಐದು ಎಕರೆಗೂ ಸಲ್ಲುತ್ತದೆ.

ನಾವು ತಿಳಿಯಬೇಕಾದುದು

ಆವರಣದ ಪುಟ್ಟ ಸ್ಮಶಾನದಲ್ಲಿ 1915ರಲ್ಲಿ ತೀರಿಕೊಂಡ ವಾಷಿಂಗ್ಟನ್ ಮತ್ತು ಕಾರ್ವರ್ ಇಬ್ಬರ ಸಮಾಧಿಗಳೂ ಹತ್ತಿರ ಹತ್ತಿರ ಇವೆ. ಟಸ್ಕೀಗಿಯವರೆಗೆ ಹೋಗಿ ಬರುವುದು ನಮ್ಮಲ್ಲಿ ಎಲ್ಲರಿಗೂ ಆಗುವ ಮಾತಲ್ಲ. ಆದರೆ ಅಲ್ಲಿನ ಪಾಠಗಳನ್ನು ಇಲ್ಲಿಯೇ ಬಳಸಬಹುದು:

1. ಒಂದೇ ಬೆಳೆಯನ್ನು ವರ್ಷ ವರ್ಷವೂ ಬೆಳೆಯಬೇಡಿ. ಸರದಿಯಲ್ಲಿ ಅಲಸಂದೆ, ಹೆಸರು, ಉದ್ದು, ಕಡಲೆಕಾಯಿ ಮುಂತಾದ ದ್ವಿದಳ ಬೆಳೆ ಇರಲಿ. ಕಾಯಿ ಬಿಡಿಸಿದ ಬಳ್ಳಿಯನ್ನು ಸುಡದೆ ಮಣ್ಣಿಗೆ ಸೇರಿಸಿ.

2. ಹೊಲದಲ್ಲಿ ಕೊರಕಲು ಬಿದ್ದರೆ ಸಣ್ಣದಿರುವಾಗಲೇ ಕಡ್ಡಿ, ಕಲ್ಲು ಹಾಕಿ ಕಟ್ಟಿ. ತರಗೆಲೆ, ಕೆರೆಗೋಡು, ಕೊಟ್ಟಿಗೆ ಗೊಬ್ಬರಗಳನ್ನು ಹಣ ಕೊಡುವ ಗೊಬ್ಬರಕ್ಕಿಂತ ಮೊದಲು ನೆನೆಯಿರಿ. ಮಣ್ಣು ಪರೀಕ್ಷೆ ಮಾಡಿಸಿ, ಕೊರತೆ ಇರುವಷ್ಟಕ್ಕೆ ಮಾತ್ರ ರಾಸಾಯನಿಕ ಗೊಬ್ಬರ ಕೊಡಿ.

3. ಮನೆಗೆ ಬೇಕಾದ ಕಾಳು, ತರಕಾರಿಗೆ ಒಂದು ತುಂಡು ನೆಲವನ್ನು ಮೀಸಲಿಡಿ. ಪೇಟೆಯ ಬೆಳೆ ಎಷ್ಟೇ ಆಸೆ ಹುಟ್ಟಿಸಿದರೂ ಆ ತುಂಡನ್ನು ಬಿಟ್ಟುಕೊಡಬೇಡಿ.

4. ಕೃಷಿ ಮೇಳಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗುವಾಗ ನಿಮ್ಮ ಹೊಲದ ಪ್ರಶ್ನೆಯನ್ನು ಕಟ್ಟಿಕೊಂಡು ಹೋಗಿ. ರೋಗ ಬಿದ್ದ ಗಿಡ ಜತೆಗಿರಲಿ. ಉತ್ತರ ತಿಳಿಯದಿದ್ದರೆ ಇನ್ನೊಮ್ಮೆ ಕೇಳಿ.

5. ನಿಮ್ಮ ಹೊಲದಲ್ಲಿ ಯಾರಾದರೂ ಹೊಸ ತಳಿ, ಹೊಸ ಔಷಧಿಯ ಪ್ರಯೋಗ ಮಾಡುವುದಾದರೆ ಅದರ ಉದ್ದೇಶ, ಅವಧಿ, ನಷ್ಟದ ಹೊಣೆಗಳನ್ನು ಕಾಗದದ ಮೇಲೆ ಪಡೆದುಕೊಳ್ಳಿ.

ಊರಿನಲ್ಲಿ ಯಾರು ಮೇಳಕ್ಕೆ ಬರುವುದಿಲ್ಲ, ಯಾರಿಗೆ ಈ ಪುಟ ಓದಲು ಬಾರದು ಎಂಬುದು ಓದು ಬಲ್ಲ ರೈತರಿಗೆ ಗೊತ್ತಿರುತ್ತದೆ. ಬಿತ್ತನೆಗೆ ಮೊದಲು ಒಂದು ಸಂಜೆ ಅಂಥವರ ಜಗುಲಿಯ ಮೇಲೆ ಕುಳಿತು ಇದನ್ನು ಓದಿ ಹೇಳಬೇಕೆಂದು ಕೋರಿಕೆ.